ಪ್ಯಾಕಿಂಗ್ ಬದಲಿಸಿದ ಮೇಲೂ ಆಯಿಲ್ ಸೋರಬಾರದು ಅಂದರೆ ಏನೇನು ನೋಡಬೇಕು

ಹೊಸ ಪ್ಯಾಕಿಂಗ್ (ಎಂಜಿನ್ ಜೋಡಣೆಗಳ ನಡುವೆ ಕೂರುವ ಗ್ಯಾಸ್ಕೆಟ್) ಹಾಕಿಸಿ ಎರಡು ವಾರ ಆಗಿರಲ್ಲ, ಬೈಕ್ ನಿಲ್ಲಿಸಿದ ಜಾಗದಲ್ಲಿ ಮತ್ತೆ ಅದೇ ಕಪ್ಪು ಚುಕ್ಕೆ. ತುಂಬಾ ಜನ ಆಗ ಪ್ಯಾಕಿಂಗನ್ನೇ ಬೈತಾರೆ. ಡೂಪ್ಲಿಕೇಟ್ ಇರಬೇಕು ಅಂತಾರೆ. ಇಲ್ಲಾಂದ್ರೆ ಮೆಕ್ಯಾನಿಕ್ ಬೋಲ್ಟ್ ಸರಿಯಾಗಿ ಟೈಟ್ ಮಾಡಿಲ್ಲ ಅಂತ ತಾವೇ ಸ್ಪ್ಯಾನರ್ ಹಿಡಿದು ಇನ್ನೊಂದು ಸುತ್ತು ತಿರುಗಿಸಿ, ಥ್ರೆಡ್ ಕೂಡ ಕಳೆದುಕೊಳ್ಳುತ್ತಾರೆ. ನಿಜವಾಗಿ ಸೋರಿಕೆ ಶುರುವಾಗುವುದು ಪ್ಯಾಕಿಂಗ್ ಕೂರಿಸುವುದಕ್ಕೂ ಮುಂಚೆ. ಅದು ಕೂರುವ ಎರಡು ಮುಖಗಳು ಎಷ್ಟು ಸ್ವಚ್ಛ, ಎಷ್ಟು ಸಮತಟ್ಟು, ಬೋಲ್ಟ್‌ಗಳ ಒತ್ತಡ ಎಷ್ಟು ಸಮ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಕುಕ್ಕರ್ ಬಾಯಿ ತಗ್ಗಿದ್ದರೆ ಎಷ್ಟು ಹೊಸ ಗ್ಯಾಸ್ಕೆಟ್ ಹಾಕಿದರೂ ಪಕ್ಕದಿಂದ ಹಬೆ ಹೋಗುತ್ತದೆ ಅಲ್ವಾ, ಇದೂ ಹಾಗೇ.

ಉದಾಹರಣೆಗೆ ಸ್ಪ್ಲೆಂಡರ್ ಎಂಜಿನ್ನೇ ತೆಗೆದುಕೊಳ್ಳುತ್ತೇನೆ. 1994ರಿಂದ ರಸ್ತೆಯಲ್ಲಿರುವ 97.2 ಸಿಸಿ ಎಂಜಿನ್ ಅದು, ಯಾವ ಊರಿಗೆ ಹೋದರೂ ಸಿಗುತ್ತದೆ, ಬಿಡಿಭಾಗವೂ ಸುಲಭ. ಕೆಲಸ ಮಾತ್ರ ಕ್ಲಚ್ ಕವರ್ ಪ್ಯಾಕಿಂಗ್, ಅಂದರೆ ಎಂಜಿನ್ನಿನ ಬಲಗಡೆಯ ದೊಡ್ಡ ಕವರ್. ಮನೆಯಲ್ಲೇ ಮೊದಲ ಸಲ ಕೈಹಾಕುವವರಿಗೆ ಇದೇ ಒಳ್ಳೆಯದು. ಪಲ್ಸರ್, ಶೈನ್, ಬುಲೆಟ್ ಇರುವವರಿಗೂ ಕ್ರಮ ಇದೇ. ಕವರ್ ಇರುವ ಬದಿ, ಬೋಲ್ಟ್ ಸಂಖ್ಯೆ, ಟಾರ್ಕ್ (ಬೋಲ್ಟ್ ಬಿಗಿಮಾಡುವ ಬಲದ ಅಳತೆ), ಆಯಿಲ್ ಅಳತೆ ಮಾತ್ರ ಆಯಾ ಬೈಕಿನ ಮ್ಯಾನುಯಲ್ ನೋಡಿ ತಿಳಿದುಕೊಳ್ಳಿ.

ಮೊದಲು ಸೋರುತ್ತಿರುವುದು ಎಲ್ಲಿಂದ ಅಂತ ಪತ್ತೆ ಮಾಡಿ

ಆಯಿಲ್ ಕಾಣುವ ಜಾಗ ಒಂದು, ಹೊರಡುವ ಜಾಗ ಇನ್ನೊಂದು. ಬೈಕ್ ಓಡುವಾಗ ಗಾಳಿ ಆಯಿಲನ್ನು ಹಿಂದಕ್ಕೆ ತಳ್ಳುತ್ತದೆ, ನಿಂತಾಗ ಅದು ಕೆಳಕ್ಕೆ ಇಳಿಯುತ್ತದೆ. ಹಾಗಾಗಿ ಮೇಲೆ ಟ್ಯಾಪೆಟ್ ಕ್ಯಾಪಿನ (ಹೆಡ್ ಮೇಲಿನ ಸಣ್ಣ ಮುಚ್ಚಳ) ಓ-ರಿಂಗ್ ಹೋಗಿದ್ದರೂ ಒದ್ದೆಯಾಗಿ ಕಾಣುವುದು ಕೆಳಗಿನ ಕ್ಲಚ್ ಕವರ್. ಪ್ಯಾಕಿಂಗ್ ಬದಲಿಸಿದ ಮೇಲೂ ಸೋರುತ್ತದೆ ಅನ್ನುವ ದೂರುಗಳಲ್ಲಿ ಎಷ್ಟೋ ಇಲ್ಲೇ ಹುಟ್ಟುತ್ತವೆ. ಸೋರುತ್ತಿದ್ದ ಜಾಗವನ್ನು ಯಾರೂ ಮುಟ್ಟಿಯೇ ಇರುವುದಿಲ್ಲ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಸೀಮೆಎಣ್ಣೆ ಅಥವಾ ಡೀಸೆಲ್ ಹಾಕಿ ಬ್ರಷ್‌ನಲ್ಲಿ ತಿಕ್ಕಿ. ಆಮೇಲೆ ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ. ಬಿಸಿ ಸೈಲೆನ್ಸರ್ ಹತ್ತಿರ ಸೀಮೆಎಣ್ಣೆ, ಪೆಟ್ರೋಲ್ ಯಾವುದನ್ನೂ ತರಬೇಡಿ. ಒಣಗಿದ ಎಂಜಿನ್ ಮೇಲೆ, ಅನುಮಾನ ಇರುವ ಜೋಡಣೆಗಳ ಸುತ್ತ ಮುಖಕ್ಕೆ ಹಾಕುವ ಟಾಲ್ಕಂ ಪೌಡರನ್ನೇ ತೆಳ್ಳಗೆ ಉದುರಿಸಿ. ಐದಾರು ಕಿಲೋಮೀಟರ್ ನಿಧಾನವಾಗಿ ಓಡಿಸಿಕೊಂಡು ಬಂದು ಟಾರ್ಚ್ ಬಿಟ್ಟು ನೋಡಿ. ಬಿಳಿ ಪೌಡರಿನಲ್ಲಿ ಕಂದು ಗೆರೆ ಮೂಡಿರುತ್ತದೆ. ಆ ಗೆರೆಯ ಅತಿ ಮೇಲಿನ, ಅತಿ ಮುಂದಿನ ತುದಿ ಎಲ್ಲಿದೆಯೋ ಸೋರಿಕೆಯ ಮೂಲ ಅಲ್ಲೇ.

ಹೀಗೆ ನೋಡಿದರೆ ಕೆಲವು ಸಲ ಪ್ಯಾಕಿಂಗಿಗೆ ಸಂಬಂಧವೇ ಇರುವುದಿಲ್ಲ. ಕಿಕ್ಕರ್ ಶಾಫ್ಟ್ ಹೊರಬರುವ ಜಾಗದಲ್ಲಿ ಒದ್ದೆ ಇದ್ದರೆ ಅದು ಆಯಿಲ್ ಸೀಲ್, ಅಂದರೆ ಶಾಫ್ಟ್ ಸುತ್ತ ಕೂರುವ ರಬ್ಬರ್ ಉಂಗುರ. ಎಡಗಡೆ ಮುಂದಿನ ಸ್ಪ್ರಾಕೆಟ್ ಹಿಂದೆ ಇದ್ದರೆ ಅದೂ ಆಯಿಲ್ ಸೀಲೇ, ಸ್ಪ್ರಾಕೆಟ್ ಶಾಫ್ಟಿನದು, ಇಲ್ಲಾಂದ್ರೆ ಗೇರ್ ಲಿವರ್ ಶಾಫ್ಟಿನದು. ಸ್ಪ್ರಾಕೆಟ್ ಹತ್ತಿರದ ಸೋರಿಕೆಯನ್ನು ಮಾತ್ರ ದಯವಿಟ್ಟು ಮುಂದೂಡಬೇಡಿ. ಅಲ್ಲಿಂದ ಆಯಿಲ್ ಚೈನ್ ಹಿಡಿದು ಹಿಂದಿನ ಟೈರಿಗೆ ಬರುತ್ತದೆ. ಮಳೆ ಬಿದ್ದ ರಸ್ತೆಯಲ್ಲಿ ತಿರುವಿಗೆ ಬಂದಾಗ ಅದು ಜೀವಕ್ಕೇ ಅಪಾಯ.

ಎಂಜಿನ್ ಒಳಗಿನ ಗಾಳಿಗೆ ದಾರಿ ಇದೆಯಾ?

ಇದನ್ನು ಜನ ನೋಡುವುದೇ ಇಲ್ಲ, ಅದಕ್ಕೇ ಬೋಲ್ಟ್ ಬಿಚ್ಚುವ ಮಾತಿಗೆ ಮುಂಚೆ ಇದನ್ನು ಇಟ್ಟಿದ್ದೇನೆ. ಪಿಸ್ಟನ್ ಕೆಳಗೆ ಬಂದಾಗಲೆಲ್ಲ ಕ್ರ್ಯಾಂಕ್‌ಕೇಸ್ (ಎಂಜಿನ್ನಿನ ಕೆಳಗಿನ ಡಬ್ಬಿ) ಒಳಗಿನ ಗಾಳಿ ಒತ್ತಡಕ್ಕೆ ಸಿಗುತ್ತದೆ. ಜೊತೆಗೆ ಪಿಸ್ಟನ್ ರಿಂಗ್ ಪಕ್ಕದಿಂದ ಸ್ವಲ್ಪ ಸುಟ್ಟ ಗಾಳಿಯೂ ಕೆಳಗೆ ಇಳಿಯುತ್ತದೆ. ಅದೆಲ್ಲ ಹೊರಹೋಗಲು ಒಂದು ಬ್ರೀದರ್ ಪೈಪ್ ಇರುತ್ತದೆ, ಎಂಜಿನ್‌ನಿಂದ ಏರ್ ಫಿಲ್ಟರ್ ಡಬ್ಬಿಗೆ ಹೋಗುವ ರಬ್ಬರ್ ಪೈಪ್. ಅದು ಮಡಚಿಕೊಂಡಿದ್ದರೆ, ಒಳಗೆ ಕೆಸರಿನಂಥ ಆಯಿಲ್ ಕಟ್ಟಿಕೊಂಡಿದ್ದರೆ, ಕಣಜ ಗೂಡು ಕಟ್ಟಿದ್ದರೆ, ಒಳಗಿನ ಗಾಳಿ ಬೇರೆ ದಾರಿ ಹುಡುಕುತ್ತದೆ. ಅತಿ ದುರ್ಬಲವಾದ ಪ್ಯಾಕಿಂಗ್ ಅಥವಾ ಸೀಲ್ ಎಲ್ಲಿದೆಯೋ ಅಲ್ಲಿಂದ ಆಯಿಲನ್ನು ತಳ್ಳಿಕೊಂಡು ಹೊರಬರುತ್ತದೆ. ಹೊಸ ಪ್ಯಾಕಿಂಗ್ ಹಾಕಿ ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಶುರುವಾಗುವುದು ಇದರಿಂದಲೇ.

ಪೈಪ್ ಬಿಚ್ಚಿ, ಒರೆಸಿ, ಬಾಯಲ್ಲಿ ಊದಿ ನೋಡಿ. ಸಲೀಸಾಗಿ ಹೋಗಬೇಕು. ಪೈಪ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಹೊಸದು ಹಾಕಿ. ಎಂಜಿನ್ ಆನ್ ಇದ್ದಾಗ ಆ ಬಾಯಿಂದ ಸಣ್ಣಗೆ ಪುಸ್ ಪುಸ್ ಅಂತ ಗಾಳಿ ಬಂದರೆ ಅದು ಸಹಜ. ಬುಸಬುಸನೆ ಹೊಗೆ ಬರುತ್ತಿದ್ದು, ಏರ್ ಫಿಲ್ಟರ್ ಡಬ್ಬಿಯಲ್ಲಿ ಆಯಿಲ್ ನಿಂತಿದ್ದು, ಸೈಲೆನ್ಸರಿನಿಂದ ನೀಲಿ ಹೊಗೆಯೂ ಬರುತ್ತಿದ್ದರೆ ರಿಂಗ್ ಮತ್ತು ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರ್) ಸವೆದಿವೆ ಅಂತಲೇ ಅರ್ಥ. ಆಗ ಬರೀ ಪ್ಯಾಕಿಂಗ್ ಬದಲಿಸಿ ದುಡ್ಡು ಹಾಳು ಮಾಡಬೇಡಿ, ಮೊದಲು ಬೋರ್ ಕೆಲಸ ಮಾಡಿಸಿ.

ಆಯಿಲ್ ಜಾಸ್ತಿ ತುಂಬಿದ್ದರೂ ಇದೇ ಕಥೆ. ಸ್ಪ್ಲೆಂಡರಿನಲ್ಲಿ ಡಿಪ್‌ಸ್ಟಿಕ್ಕನ್ನು ಒರೆಸಿ, ತಿರುಗಿಸದೆ ಸುಮ್ನೆ ಬಾಯಿ ಮೇಲೆ ಕೂರಿಸಿ ಅಳತೆ ನೋಡಬೇಕು. ತಿರುಪಿ ಬಿಗಿಮಾಡಿ ತೆಗೆದರೆ ಕಡ್ಡಿ ಜಾಸ್ತಿ ಆಳಕ್ಕೆ ಹೋಗಿ, ಇರುವುದಕ್ಕಿಂತ ಹೆಚ್ಚು ಆಯಿಲ್ ಇದೆ ಅಂತ ತೋರಿಸುತ್ತದೆ. ಬೈಕ್ ಸೆಂಟರ್ ಸ್ಟ್ಯಾಂಡ್ ಮೇಲೆ ಇರಬೇಕು, ಎಂಜಿನ್ ಆಫ್ ಮಾಡಿ ಎರಡು ಮೂರು ನಿಮಿಷ ಆಗಿರಬೇಕು.

ಸಾಮಾನು

ಪ್ಯಾಕಿಂಗ್ ಕಂಪನಿಯದೇ ತೆಗೆದುಕೊಳ್ಳಿ. ಎಂಜಿನ್ ಪೂರ್ತಿ ಬಿಚ್ಚಿ ಸೇರಿಸುವ ಕೂಲಿಯ ಮುಂದೆ ಪ್ಯಾಕಿಂಗಿನ ಬೆಲೆ ಏನೂ ಅಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಕೊಳ್ಳುವಾಗ ಬೈಕಿನ ಮಾಡೆಲ್ ಮತ್ತು ವರ್ಷ ಎರಡೂ ಹೇಳಿ. ಸ್ಪ್ಲೆಂಡರ್ ಅಂತ ಒಂದೇ ಹೆಸರಿನಲ್ಲಿ ಹಲವು ಎಂಜಿನ್ ಬಂದಿವೆ. ಪ್ಯಾಕೆಟ್ಟಿನಿಂದ ತೆಗೆದ ಮಡಚಿದ ಪ್ಯಾಕಿಂಗಿನಲ್ಲಿ ಮಡಿಕೆಯ ಗೆರೆ ಬಿರುಕಾಗಿದೆಯಾ ಅಂತ ಬೆಳಕಿಗೆ ಹಿಡಿದು ನೋಡಿ. ಬಿರುಕಿದ್ದರೆ ಅಲ್ಲೇ ವಾಪಸ್ ಕೊಡಿ.

ಜೊತೆಗೆ ಕಿಕ್ಕರ್ ಶಾಫ್ಟಿನ ಆಯಿಲ್ ಸೀಲ್, ಡ್ರೇನ್ ಬೋಲ್ಟಿನ ವಾಷರ್, ಆಯಿಲ್ ಹಾಕುವ ಕ್ಯಾಪಿನ ಓ-ರಿಂಗ್, ಒಳಗಿನ ಆಯಿಲ್ ಫಿಲ್ಟರ್ ಕಪ್ಪಿನ ಸಣ್ಣ ಪ್ಯಾಕಿಂಗ್ ತಂದುಕೊಳ್ಳಿ. ಕವರ್ ಹೇಗೂ ಕೈಗೆ ಬಂದಿರುತ್ತದೆ, ಆಗ ಹಳೇ ಸೀಲ್ ಬಿಟ್ಟು ಮುಚ್ಚಿದರೆ ಆರು ತಿಂಗಳಿಗೆ ಮತ್ತೆ ಅದೇ ಕೆಲಸ. 10ಡಬ್ಲ್ಯೂ30 ಆಯಿಲ್, 8ರ ಟಿ-ಸ್ಪ್ಯಾನರ್, ಪ್ಲಾಸ್ಟಿಕ್ ಸುತ್ತಿಗೆ, ಹೊಸ ಬ್ಲೇಡು, ನೂಲು ಬಿಡದ ಹಳೇ ಬನಿಯನ್ ಬಟ್ಟೆ, ಒಂದು ರಟ್ಟಿನ ತುಂಡು. ಸಣ್ಣ ಟಾರ್ಕ್ ರೆಂಚ್, 5ರಿಂದ 25 ನ್ಯೂಟನ್ ಮೀಟರ್ ಅಳೆಯುವಂಥದ್ದು, ಕೈಗೆ ಸಿಕ್ಕರೆ ತುಂಬ ಒಳ್ಳೆಯದು.

ಬಿಚ್ಚುವುದು

ಎಂಜಿನ್ ಸ್ವಲ್ಪ ಬೆಚ್ಚಗಿರುವಾಗ ಆಯಿಲ್ ಇಳಿಸಿ, ಚೆನ್ನಾಗಿ ಹರಿಯುತ್ತದೆ. ಇಳಿದ ಮೇಲೆ ಬೈಕನ್ನು ಸೈಡ್ ಸ್ಟ್ಯಾಂಡಿಗೆ ಹಾಕಿ. ಎಡಕ್ಕೆ ವಾಲುವುದರಿಂದ ಉಳಿದ ಆಯಿಲ್ ಆ ಕಡೆ ಸೇರಿಕೊಳ್ಳುತ್ತದೆ, ಬಲಗಡೆ ಕವರ್ ತೆಗೆದಾಗ ನೆಲಕ್ಕೆ ಚೆಲ್ಲುವುದಿಲ್ಲ. ಬೈಕ್ ಅಲುಗಾಡದಂತೆ ಹಿಂದಿನ ಚಕ್ರಕ್ಕೆ ಒಂದು ಕಲ್ಲು ಕೊಡಿ.

ಕಿಕ್ಕರ್ ಯಾವ ಹಲ್ಲಿನಲ್ಲಿ ಕೂತಿತ್ತು ಅಂತ ಶಾಫ್ಟ್ ಮತ್ತು ಕಿಕ್ಕರ್ ಎರಡರ ಮೇಲೂ ಮಾರ್ಕರ್‌ನಲ್ಲಿ ಗುರುತು ಹಾಕಿ ತೆಗೆಯಿರಿ. ಕ್ಲಚ್ ಕೇಬಲ್ ಸಡಿಲಿಸಿ ಬಿಡಿಸಿ. ಫುಟ್‌ರೆಸ್ಟ್, ಬ್ರೇಕ್ ಪೆಡಲ್, ಸೈಲೆನ್ಸರ್ ಅಡ್ಡ ಬಂದರೆ ಅವನ್ನೂ ಬಿಚ್ಚಿ. ಹೇಗೋ ಸಂದಿಯಲ್ಲಿ ಕವರ್ ಎಳೆದುಕೊಳ್ಳೋಣ ಅಂತ ಹೋದರೆ ವಾಪಸ್ ಕೂರಿಸುವಾಗ ಪ್ಯಾಕಿಂಗ್ ಜಾರುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ.

ಈಗ ರಟ್ಟಿನ ತುಂಡು. ಅದರ ಮೇಲೆ ಕವರಿನ ಆಕಾರ ಸುಮಾರಾಗಿ ಬರೆದು, ಬೋಲ್ಟ್ ಇರುವ ಜಾಗಗಳಲ್ಲಿ ತೂತು ಮಾಡಿ. ಯಾವ ತೂತಿನ ಬೋಲ್ಟ್ ಬಂತೋ ಅದೇ ತೂತಿಗೆ ಚುಚ್ಚಿ ಇಡಿ. ಈ ಬೋಲ್ಟ್‌ಗಳು ನೋಡಲು ಒಂದೇ ಥರ, ಉದ್ದ ಬೇರೆ ಬೇರೆ. ಉದ್ದದ್ದು ಗಿಡ್ಡ ತೂತಿಗೆ ಹೋದರೆ ತಳ ಮುಟ್ಟಿ ನಿಲ್ಲುತ್ತದೆ, ಕೈಗೆ ಟೈಟ್ ಆದಂತೆ ಅನ್ನಿಸುತ್ತದೆ, ಕವರ್ ಮಾತ್ರ ಒತ್ತಿರುವುದಿಲ್ಲ. ಇನ್ನೂ ಬಲ ಹಾಕಿದರೆ ಕೇಸಿಂಗ್ ಬಿರುಕು ಬಿಡಬಹುದು. ಗಿಡ್ಡದ್ದು ಉದ್ದದ ತೂತಿಗೆ ಹೋದರೆ ಎರಡು ಮೂರು ಥ್ರೆಡ್ ಮಾತ್ರ ಹಿಡಿದು ಅವನ್ನೂ ಕಿತ್ತುಕೊಂಡು ಬರುತ್ತದೆ. ಸೋರಿಕೆಗೆ ಇದೊಂದು ದೊಡ್ಡ ಕಾರಣ. ಎರಡು ನಿಮಿಷದ ರಟ್ಟಿನ ಕೆಲಸ ಅದನ್ನು ತಪ್ಪಿಸುತ್ತದೆ.

ಬೋಲ್ಟ್‌ಗಳನ್ನು ಒಂದೊಂದಾಗಿ ಪೂರ್ತಿ ಬಿಚ್ಚಬೇಡಿ. ಎಲ್ಲವನ್ನೂ ಕಾಲು ಸುತ್ತು, ಅರ್ಧ ಸುತ್ತು ಸಡಿಲಿಸಿ, ಆಮೇಲೆ ತೆಗೆಯಿರಿ. ಕವರ್ ಅಂಟಿಕೊಂಡಿರುತ್ತದೆ. ಪ್ಲಾಸ್ಟಿಕ್ ಸುತ್ತಿಗೆಯಲ್ಲಿ ಸುತ್ತಲೂ ಮೆಲ್ಲಗೆ ತಟ್ಟಿ, ಅಲುಗಾಡಿಸಿ. ಸಂದಿಗೆ ಸ್ಕ್ರೂಡ್ರೈವರ್ ತೂರಿಸಿ ಮೀಟುವುದು ಬೇಡವೇ ಬೇಡ. ಅಲ್ಯೂಮಿನಿಯಂ ಮೆತ್ತಗಿನ ಲೋಹ. ಒಂದು ಸಲ ಮೀಟಿದರೆ ಉಗುರಿಗೆ ಸಿಗುವಷ್ಟು ಗೀರು ಬೀಳುತ್ತದೆ, ಆ ಗೀರು ಒಳಗಿಂದ ಹೊರಗಿನವರೆಗೂ ಹೋಗಿದ್ದರೆ ಆಯಿಲಿಗೆ ಅದೇ ಕಾಲುವೆ. ಹಳೇ ಬೈಕ್ ಕೊಂಡವರು ತಮ್ಮ ಕವರಿನ ಅಂಚು ನೋಡಿದರೆ ಇಂಥ ಗುರುತು ಎಷ್ಟೋ ಕಾಣುತ್ತವೆ.

ಕವರ್ ಬಂದಾಗ ಎರಡು ವಿಷಯ ಗಮನಿಸಿ. ಒಂದು, ಸಣ್ಣ ಟೊಳ್ಳು ಡೋವೆಲ್ ಪಿನ್‌ಗಳು. ಕೇಸಿಂಗ್‌ನಲ್ಲಿ ಉಳಿದಿರಬಹುದು ಅಥವಾ ಕವರ್ ಜೊತೆ ಬಂದಿರಬಹುದು, ಕೆಳಗೆ ಬಿದ್ದು ಕಳೆದುಹೋಗಬಾರದು. ಕವರ್ ತನ್ನ ಸರಿಯಾದ ಜಾಗದಲ್ಲಿ ಕೂರುವುದು ಅವುಗಳಿಂದಲೇ. ಎರಡು, ಕಿಕ್ಕರ್ ಶಾಫ್ಟಿನ ವಾಷರ್. ಅದು ಆಯಿಲಿಗೆ ಅಂಟಿಕೊಂಡು ಕವರಿನ ಒಳಮುಖದಲ್ಲೇ ಇರುತ್ತದೆ, ತೊಳೆಯುವಾಗ ಜಾರಿ ಹೋಗುತ್ತದೆ. ಬಿಚ್ಚಿದ ಕೂಡಲೇ ಮೊಬೈಲಿನಲ್ಲಿ ಎರಡು ಫೋಟೋ ತೆಗೆದಿಟ್ಟುಕೊಳ್ಳಿ.

ಒಳಗೆ ಕ್ರ್ಯಾಂಕ್ ತುದಿಯಲ್ಲಿ ಆಯಿಲ್ ಫಿಲ್ಟರ್ ಕಪ್ ಇದೆ. ಆಯಿಲಿನಲ್ಲಿರುವ ಕೊಳೆ ತಿರುಗುವ ರಭಸಕ್ಕೆ ಅದರ ಅಂಚಿಗೆ ಹೋಗಿ ಗಟ್ಟಿಯಾಗಿ ಕಟ್ಟಿಕೊಂಡಿರುತ್ತದೆ. ಕಪ್ ಬಿಚ್ಚಿ ಒರೆಸಿ. ಕೆಳಗೆ ಜಾಲರಿ ಇದೆ, ಎಳೆದು ತೊಳೆದು ಹಾಕಿ. ಜಾಲರಿಯಲ್ಲಿ ಕೆಂಪು ಅಥವಾ ಬಿಳಿ ರಬ್ಬರಿನಂಥ ಚೂರುಗಳು ಸಿಕ್ಕರೆ ಹಿಂದೆ ಯಾರೋ ಸಿಲಿಕೋನ್ ಗಮ್ ಮೆತ್ತಿದ್ದಾರೆ ಅಂತ ತಿಳಿಯಿರಿ. ಅದರ ಬಗ್ಗೆ ಮುಂದೆ ಬರೆಯುತ್ತೇನೆ.

ಮುಖ ಸ್ವಚ್ಛ ಮಾಡುವುದು, ಇಲ್ಲೇ ಅರ್ಧ ದಿನ ಹೋದರೂ ಪರವಾಗಿಲ್ಲ

ಹಳೇ ಪೇಪರ್ ಪ್ಯಾಕಿಂಗ್ ಬಿಸಿಗೆ ಸುಟ್ಟು ಲೋಹಕ್ಕೆ ಕಚ್ಚಿಕೊಂಡಿರುತ್ತದೆ. ಮೊದಲು ಎಂಜಿನ್ ಬಾಯಿಗೆ ಸ್ವಚ್ಛವಾದ ಬಟ್ಟೆ ತುಂಬಿ, ಕೆರೆದ ಚೂರು ಒಳಗೆ ಬೀಳಬಾರದು. ಪೇಂಟ್ ರಿಮೂವರ್ ಇದ್ದರೆ ಬ್ರಷ್‌ನಲ್ಲಿ ಪೇಪರಿನ ಮೇಲೆ ಮಾತ್ರ ಹಚ್ಚಿ ಹತ್ತು ನಿಮಿಷ ಬಿಡಿ, ಮೆತ್ತಗಾಗುತ್ತದೆ. ಕೈಗೆ ಗ್ಲೌಸ್ ಇರಲಿ, ಕವರಿನ ಹೊರಗಿನ ಬಣ್ಣಕ್ಕೂ ರಬ್ಬರ್ ಸೀಲಿಗೂ ತಾಗಿಸಬೇಡಿ. ಆಮೇಲೆ ಬ್ಲೇಡನ್ನು ಹೆಚ್ಚುಕಡಿಮೆ ಮಲಗಿಸಿ ಹಿಡಿದು ತಳ್ಳಿ. ನೆಟ್ಟಗೆ ಹಿಡಿದು ಕೆರೆದರೆ ಲೋಹವೂ ಬರುತ್ತದೆ. ಮೂಲೆಗಳಿಗೆ, ಬೋಲ್ಟ್ ತೂತಿನ ಸುತ್ತ ಪ್ಲಾಸ್ಟಿಕ್ ಸ್ಕೇಲಿನ ತುಂಡು ಸಾಕು.

ಡ್ರಿಲ್‌ಗೆ ತಂತಿ ಬ್ರಷ್ ಅಥವಾ ಉಜ್ಜುವ ಪ್ಯಾಡ್ ಸಿಕ್ಕಿಸಿ ಓಡಿಸುವವರಿದ್ದಾರೆ. ಐದು ನಿಮಿಷದಲ್ಲಿ ಫಳಫಳ ಹೊಳೆಯುತ್ತದೆ ನಿಜ. ಆದರೆ ಅದು ಅಂಚನ್ನು ಗುಂಡಗೆ ಮಾಡಿ ಸಮತಟ್ಟು ಕೆಡಿಸುತ್ತದೆ, ಜೊತೆಗೆ ಉಜ್ಜಿದ ಪುಡಿ ಆಯಿಲಿನ ಜೊತೆ ಸೇರಿ ಬೇರಿಂಗ್ ತಿನ್ನುತ್ತದೆ. ಎಂಜಿನ್ ಕಡೆಯ ಮುಖಕ್ಕೆ ಇದನ್ನು ಎಂದೂ ಮಾಡಬೇಡಿ.

ಪೇಪರ್ ಎಲ್ಲ ಹೋದ ಮೇಲೆ ಬೆರಳ ಉಗುರನ್ನು ಮುಖದ ಮೇಲೆ ಸುತ್ತಲೂ ಎಳೆದು ನೋಡಿ. ಕಣ್ಣಿಗೆ ಕಾಣದ ತುಣುಕು ಉಗುರಿಗೆ ಸಿಗುತ್ತದೆ. ಬೋಲ್ಟ್ ತೂತಿನ ಬಾಯಲ್ಲಿ ಸ್ವಲ್ಪ ಉಬ್ಬಿದಂತೆ ತಾಗಿದರೆ ಅದು ಹಿಂದೆ ಜಾಸ್ತಿ ಟೈಟ್ ಮಾಡಿದ್ದರ ಗುರುತು. ಥ್ರೆಡ್ ಮೇಲಕ್ಕೆ ಎಳೆದುಕೊಂಡು ಬಂದು ಲೋಹ ಎದ್ದಿರುತ್ತದೆ. ಆ ಉಬ್ಬು ಇದ್ದರೆ ಕವರ್ ಬೋಲ್ಟ್ ಹತ್ತಿರ ಮಾತ್ರ ತಾಗುತ್ತದೆ, ಎರಡು ಬೋಲ್ಟ್ ನಡುವೆ ಸಂದಿ ಉಳಿಯುತ್ತದೆ. ತೂತಿಗಿಂತ ದಪ್ಪದ ಡ್ರಿಲ್ ಬಿಟ್ಟನ್ನು ಬರೀ ಕೈಯಲ್ಲಿ ಹಿಡಿದು ಒಂದೆರಡು ಸುತ್ತು ತಿರುಗಿಸಿ, ಉಬ್ಬು ಹೋಗುತ್ತದೆ.

ತೂತಿನ ಒಳಗೂ ನೋಡಬೇಕು. ಈ ತೂತುಗಳಲ್ಲಿ ಹಲವು ಇನ್ನೊಂದು ಕಡೆ ಮುಚ್ಚಿರುತ್ತವೆ. ಒಳಗೆ ಆಯಿಲ್ ನಿಂತಿದ್ದರೆ ಬೋಲ್ಟ್ ಇಳಿಯುವಾಗ ಅದಕ್ಕೆ ಹೋಗಲು ಜಾಗ ಇಲ್ಲ. ಬೋಲ್ಟ್ ಅರ್ಧಕ್ಕೇ ಬಿಗಿಯಾದಂತೆ ಅನ್ನಿಸುತ್ತದೆ, ಬಲ ಹಾಕಿದರೆ ಕೇಸಿಂಗ್ ಒಡೆಯುತ್ತದೆ. ಕಡ್ಡಿಗೆ ಹತ್ತಿ ಸುತ್ತಿ ಒಳಗೆ ತಿರುಗಿಸಿ ಒರೆಸಿ ತೆಗೆಯಿರಿ.

ಕವರ್ ಸಮತಟ್ಟಾಗಿದೆಯಾ ಅಂತ ನೋಡಲು ದಪ್ಪ ಗಾಜಿನ ಮೇಲೆ ಕವುಚಿ ಹಾಕಿ, ಮೂಲೆಗಳನ್ನು ಬೆರಳಲ್ಲಿ ಒತ್ತಿ. ಕಟಕಟ ಅಂತ ಅಲುಗಾಡಿದರೆ ಬಾಗಿದೆ. ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಲೋಹದ ಎಲೆಗಳು) ಇದ್ದರೆ 0.10 ಮಿಲಿಮೀಟರಿನ ಎಲೆ ಎಲ್ಲಾದರೂ ತೂರುತ್ತದಾ ನೋಡಿ. ತೂರಿದರೆ ಗಾಜಿನ ಮೇಲೆ 400 ನಂಬರಿನ ಎಮರಿ ಪೇಪರ್ ಅಂಟಿಸಿ, ಸ್ವಲ್ಪ ಸೀಮೆಎಣ್ಣೆ ಹಾಕಿ, ಕವರನ್ನು ಎಂಟರ ಆಕಾರದಲ್ಲಿ ಹಗುರವಾಗಿ ತಿಕ್ಕಿ. ಶುರುಮಾಡುವ ಮುಂಚೆ ಮುಖಕ್ಕೆ ಸುತ್ತಲೂ ಮಾರ್ಕರ್ ಹಚ್ಚಿದ್ದರೆ ತಗ್ಗು ಎಲ್ಲಿದೆ ಅಂತ ಶಾಯಿ ಉಳಿದ ಜಾಗವೇ ಹೇಳುತ್ತದೆ. ಶಾಯಿ ಪೂರ್ತಿ ಹೋದ ಕೂಡಲೇ ನಿಲ್ಲಿಸಿ, ಆಮೇಲೆ ಕವರನ್ನು ಸೋಪು ಹಾಕಿ ಎರಡು ಸಲ ತೊಳೆಯಿರಿ. ಹೆಡ್ಡಿನ (ಬೋರ್ ಮೇಲೆ ಕೂರುವ ಭಾಗ) ಮುಖಕ್ಕೆ ಈ ಕೈಕೆಲಸ ಬೇಡ. ಅಲ್ಲಿ ಮಿತಿ ತುಂಬಾ ಕಡಿಮೆ, ಸಾಮಾನ್ಯವಾಗಿ 0.05 ಮಿಲಿಮೀಟರ್. ಅದನ್ನು ಲೇತ್ ಅಂಗಡಿಗೇ ಕೊಡಿ.

ಕೊನೆಯಲ್ಲಿ ಎರಡೂ ಮುಖಗಳನ್ನು ತಿನ್ನರ್ ಅಥವಾ ಪೆಟ್ರೋಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ. ಮನೆಯ ಹೊರಗೆ, ಬೆಂಕಿಯಿಂದ ದೂರ ಮಾಡಿ. ಒರೆಸಿದ ಮೇಲೆ ಅದನ್ನು ಬೆರಳಲ್ಲಿ ಮುಟ್ಟಬೇಡಿ.

ಗಮ್ ಹಾಕಬೇಕಾ ಬೇಡ್ವಾ?

ನನ್ನ ಅಭಿಪ್ರಾಯ ಸ್ಪಷ್ಟ: ಪೇಪರ್ ಪ್ಯಾಕಿಂಗ್ ಇರುವ ಕಡೆ, ಮುಖಗಳು ಚೆನ್ನಾಗಿದ್ದರೆ, ಗಮ್ ಬೇಡ. ಒಣ ಮುಖ, ಒಣ ಪ್ಯಾಕಿಂಗ್, ಅಷ್ಟೇ. ಕೂರಿಸುವಾಗ ಜಾರುತ್ತದೆ ಅಂತಿದ್ದರೆ ಕವರಿನ ಕಡೆ ಅಲ್ಲಲ್ಲಿ ಚೂರೇ ಚೂರು ಗ್ರೀಸ್ ಹಚ್ಚಿ ಅಂಟಿಸಿಕೊಳ್ಳಿ.

ಗ್ಯಾರೇಜುಗಳಲ್ಲಿ ಸಿಲಿಕೋನ್ ಗಮ್, ಅನಾಬಾಂಡ್ ಥರದ್ದು, ಪ್ಯಾಕಿಂಗಿನ ಎರಡೂ ಕಡೆ ಧಾರಾಳವಾಗಿ ಬಳಿಯುವುದು ರೂಢಿಯಾಗಿದೆ. ಗಿರಾಕಿ ವಾಪಸ್ ಬರಬಾರದು ಅನ್ನುವ ಭಯ ಇರುತ್ತದೆ, ಅರ್ಥವಾಗುತ್ತದೆ. ಆದರೆ ಗಮ್ ಒದ್ದೆ ಇರುವಾಗ ಪೇಪರನ್ನು ಜಾರಿಸುತ್ತದೆ. ಟೈಟ್ ಮಾಡಿದಾಗ ಪ್ಯಾಕಿಂಗ್ ಎರಡು ಬೋಲ್ಟ್ ನಡುವೆ ಹೊರಗೆ ಉಬ್ಬಿ ಹರಿಯುವುದು ಇದರಿಂದಲೇ. ಇದಕ್ಕಿಂತ ಕೆಟ್ಟದ್ದು, ಹೊರಗೆ ಎಷ್ಟು ಗಮ್ ಹಿಂಡಿ ಬಂತೋ ಒಳಗೂ ಅಷ್ಟೇ ಬಂದಿರುತ್ತದೆ. ಅದು ಒಣಗಿ ಕಳಚಿ ಜಾಲರಿಗೆ ಹೋಗಿ ಕೂರುತ್ತದೆ, ಆಯಿಲಿನ ದಾರಿ ಕಟ್ಟುತ್ತದೆ. ಒಂದು ಹನಿ ಸೋರಿಕೆ ನಿಲ್ಲಿಸಲು ಹೋಗಿ ಇಡೀ ಹೆಡ್ಡಿಗೆ ಆಯಿಲ್ ಹೋಗದಂತೆ ಮಾಡಿಕೊಳ್ಳುವುದು ಎಂಥ ಲೆಕ್ಕ?

ಗಮ್ ನಿಜವಾಗಿ ಬೇಕಾದ ಜಾಗಗಳೂ ಇವೆ. ಬೋರ್ ಕೆಳಗಿನ ಪ್ಯಾಕಿಂಗ್ ಬದಲಿಸುವಾಗ ನೋಡಿ, ಎಡ ಮತ್ತು ಬಲ ಕ್ರ್ಯಾಂಕ್‌ಕೇಸ್ ಸೇರುವ ಗೆರೆ ಮುಂದೆ ಮತ್ತು ಹಿಂದೆ ಬೋರ್ ಮುಖವನ್ನು ದಾಟುತ್ತದೆ. ಆ ಎರಡು ಜಾಗದಲ್ಲಿ ಸೂಕ್ಷ್ಮವಾದ ಮೆಟ್ಟಿಲು ಇರುತ್ತದೆ, ಕ್ರ್ಯಾಂಕ್‌ಕೇಸ್ ಪ್ಯಾಕಿಂಗಿನ ತುದಿಯೂ ಮೇಲಕ್ಕೆ ಚಾಚಿರಬಹುದು. ಆ ತುದಿಯನ್ನು ಹೊಸ ಬ್ಲೇಡಿನಲ್ಲಿ ಮಟ್ಟಕ್ಕೆ ಕತ್ತರಿಸಿ, ಆ ಗೆರೆಯ ಮೇಲೆ ಮಾತ್ರ ಒಂದು ಚಿಟಿಕೆ ಗಮ್ ಇಡಿ. ಬೋರ್ ಕೆಳಗಿಂದ ಮುಂದುಗಡೆ ಆಯಿಲ್ ಜಿನುಗುವ ಎಂಜಿನ್‌ಗಳಿಗೆ ಇದು ಮದ್ದು. ಮುಖದಲ್ಲಿ ಗೀರು ಇದ್ದರೆ ಆ ಗೀರಿಗೂ ಹಾಗೇ. ಪ್ಯಾಕಿಂಗೇ ಇಲ್ಲದೆ ಗಮ್ ಮಾತ್ರ ಹಾಕಲು ಕಂಪನಿ ಹೇಳಿದ ಕಡೆ, ಒಂದೆರಡು ಮಿಲಿಮೀಟರ್ ದಪ್ಪದ ಗೆರೆ, ಬೋಲ್ಟ್ ತೂತುಗಳ ಒಳಬದಿಗೆ, ಎಲ್ಲೂ ಕಡಿಯದಂತೆ ಎಳೆಯಿರಿ. ಟ್ಯೂಬ್ ಮೇಲೆ ಬರೆದ ಸಮಯ ಕಾಯಿರಿ. ಇಂಥ ಗಮ್ ಪೂರ್ತಿ ಗಟ್ಟಿಯಾಗಲು ಸಾಮಾನ್ಯವಾಗಿ 24 ಗಂಟೆ ಬೇಕು. ಹಚ್ಚಿ ಅರ್ಧ ಗಂಟೆಗೆ ಆಯಿಲ್ ತುಂಬಿ ಸ್ಟಾರ್ಟ್ ಮಾಡಿದರೆ ಗಮ್ ಹಾಕಿದ್ದೇ ವ್ಯರ್ಥ.

ಸೀಲ್ ಕತ್ತರಿಸದಂತೆ ಕವರ್ ಕೂರಿಸುವುದು

ಕಿಕ್ಕರ್ ಸೀಲನ್ನು ಕವರಿಗೆ ಕೂರಿಸುವಾಗ ಅದರ ಅಗಲಕ್ಕೆ ಸರಿಯಾದ ಸಾಕೆಟ್ ಇಟ್ಟು ನೇರವಾಗಿ ಒತ್ತಿ. ಒಳತುಟಿಗೆ ಸ್ವಲ್ಪ ಗ್ರೀಸ್ ಹಚ್ಚಿ. ಕಿಕ್ಕರ್ ಶಾಫ್ಟಿನ ತುದಿಯಲ್ಲಿ ಚೂಪಾದ ಹಲ್ಲುಗಳಿವೆ. ಕವರ್ ತಳ್ಳುವಾಗ ಹೊಸ ಸೀಲಿನ ತುಟಿಯನ್ನು ಅವು ಕತ್ತರಿಸುತ್ತವೆ. ಹಲ್ಲುಗಳ ಮೇಲೆ ತೆಳ್ಳಗಿನ ಪ್ಲಾಸ್ಟಿಕ್ ಕವರ್ ಒಂದು ಸುತ್ತು ಸುತ್ತಿ, ಮೇಲೆ ಆಯಿಲ್ ಸವರಿ, ಕವರ್ ಕೂರಿಸಿದ ಮೇಲೆ ಪ್ಲಾಸ್ಟಿಕ್ ಎಳೆದುಕೊಳ್ಳಿ. ಈ ಒಂದು ಕೆಲಸ ಬಿಟ್ಟಿದ್ದಕ್ಕೇ ಪ್ಯಾಕಿಂಗ್ ಹೊಸದು, ಸೀಲ್ ಹೊಸದು, ಆದರೂ ಸೋರುತ್ತದೆ ಅನ್ನುವ ಪರಿಸ್ಥಿತಿ ಬರುತ್ತದೆ.

ಒಳಗೆ ತುಂಬಿದ ಬಟ್ಟೆ ತೆಗೆದಿರಾ? ಡೋವೆಲ್ ಪಿನ್ ಎರಡೂ ಜಾಗದಲ್ಲಿವೆಯಾ? ವಾಷರ್? ಸರಿ, ಪ್ಯಾಕಿಂಗನ್ನು ಪಿನ್‌ಗಳ ಮೇಲೆ ತೂಗುಹಾಕಿ ಕವರನ್ನು ನೇರವಾಗಿ ತಳ್ಳಿ. ಕೊನೆಯ ನಾಲ್ಕೈದು ಮಿಲಿಮೀಟರ್ ಹೋಗದಿದ್ದರೆ ಬೋಲ್ಟ್ ಹಾಕಿ ಎಳೆದುಕೊಳ್ಳಬೇಡಿ. ಏನೋ ಅಡ್ಡ ಬಂದಿದೆ ಅಂತ ಅರ್ಥ, ಕ್ಲಚ್ ಲಿವರ್ ಸರಿಯಾದ ಕಡೆ ತಿರುಗಿರುವುದಿಲ್ಲ ಅಥವಾ ಗೇರ್ ಹಲ್ಲು ಕೂಡಿರುವುದಿಲ್ಲ. ಹೊರಗೆ ತೆಗೆದು ನೋಡಿ ಮತ್ತೆ ತಳ್ಳಿ. ಕವರ್ ಕೈಯಲ್ಲೇ ಪೂರ್ತಿ ಕೂರಬೇಕು.

ಬೋಲ್ಟ್ ಎಷ್ಟು ಟೈಟ್?

ಎಲ್ಲ ಬೋಲ್ಟನ್ನೂ ಮೊದಲು ತಿರುಗಿಸದೆ ತೂತಿಗೆ ಇಳಿಬಿಡಿ. ತಲೆ ಮತ್ತು ಕವರ್ ನಡುವೆ ಉಳಿಯುವ ಉದ್ದ ಎಲ್ಲ ಬೋಲ್ಟಿಗೂ ಒಂದೇ ಇದ್ದರೆ ಪ್ರತಿಯೊಂದೂ ತನ್ನ ತೂತಿನಲ್ಲೇ ಇದೆ. ಆಮೇಲೆ ಬೆರಳಲ್ಲೇ ಪೂರ್ತಿ ಇಳಿಸಿ, ಒಂದು ಬದಿಯದು, ಎದುರು ಬದಿಯದು, ಮೇಲಿನದು, ಕೆಳಗಿನದು ಹೀಗೆ ಅಡ್ಡಡ್ಡವಾಗಿ ಮೂರು ಸುತ್ತಿನಲ್ಲಿ ಬಿಗಿಮಾಡಿ. ಒಂದೇ ಕಡೆಯಿಂದ ಸಾಲಾಗಿ ಬಿಗಿಮಾಡಿಕೊಂಡು ಹೋದರೆ ಆ ಕಡೆ ಪೇಪರ್ ಒತ್ತಿ, ಎದುರು ಕಡೆ ಕವರ್ ಎದ್ದು ನಿಲ್ಲುತ್ತದೆ.

ಇವು 6 ಎಂ.ಎಂ. ಬೋಲ್ಟ್, 8ರ ಸ್ಪ್ಯಾನರ್ ಕೂರುವಂಥವು. ಅಲ್ಯೂಮಿನಿಯಂನಲ್ಲಿ ಇಂಥ ಬೋಲ್ಟಿಗೆ ಸುಮಾರು 10 ನ್ಯೂಟನ್ ಮೀಟರ್ ಸಾಕು. ಅಂದರೆ 10 ಸೆಂಟಿಮೀಟರ್ ಉದ್ದದ ಹಿಡಿಯ ತುದಿಯಲ್ಲಿ ಸುಮಾರು 10 ಕಿಲೋ ಬಲ. ಟಾರ್ಕ್ ರೆಂಚ್ ಇಲ್ಲದಿದ್ದರೆ ಟಿ-ಸ್ಪ್ಯಾನರಿನ ಅಡ್ಡ ಹಿಡಿಯನ್ನು ಮುಷ್ಟಿಯಲ್ಲಿ ಹಿಡಿಯದೆ ಬೆರಳುಗಳಲ್ಲಿ ಹಿಡಿದು ತಿರುಗಿಸಿ, ನಿಂತಾಗ ನಿಲ್ಲಿಸಿ. ರಾಚೆಟ್‌ಗೆ ಉದ್ದದ ಹಿಡಿ ಹಾಕಬೇಡಿ. ಜಾಸ್ತಿ ಬಿಗಿದರೆ ಜಾಸ್ತಿ ಭದ್ರ ಅನ್ನುವುದು ಪೇಪರ್ ಪ್ಯಾಕಿಂಗಿಗೆ ಸುಳ್ಳು. ಅತಿಯಾಗಿ ಒತ್ತಿದ ಪೇಪರ್ ಬೋಲ್ಟ್ ಸುತ್ತ ಪುಡಿಯಾಗುತ್ತದೆ, ಕವರಿನ ಅಂಚು ಬಾಗುತ್ತದೆ, ಮುಂದಿನ ಸಲ ನಿಮಗೇ ಕಷ್ಟ.

ಒಂದು ಬೋಲ್ಟ್ ಮಾತ್ರ ಎಷ್ಟು ತಿರುಗಿಸಿದರೂ ಬಿಗಿಯಾಗದೆ ಸುತ್ತುತ್ತಿದ್ದರೆ ಥ್ರೆಡ್ ಹೋಗಿದೆ. ಅದಕ್ಕೆ ಟೆಫ್ಲಾನ್ ಟೇಪ್, ತಂತಿ, ಎಂ-ಸೀಲ್ ಹಾಕಿ ಮುಚ್ಚಿದರೆ ಸೋರುವುದು ಖಂಡಿತ. ಹೆಲಿಕಾಯಿಲ್ (ತೂತಿನೊಳಗೆ ಕೂರಿಸುವ ಸ್ಟೀಲ್ ಸುರುಳಿಯ ಹೊಸ ಥ್ರೆಡ್) ಹಾಕಿಸಿ, ಮೂಲ ಥ್ರೆಡ್‌ಗಿಂತ ಗಟ್ಟಿಯಾಗಿ ಕೂರುತ್ತದೆ. ತೂತು ದೊಡ್ಡದು ಮಾಡಿ ದಪ್ಪ ಬೋಲ್ಟ್ ಹಾಕುವ ಸಲಹೆಗೆ ಒಪ್ಪಬೇಡಿ, ಸುತ್ತ ಉಳಿಯುವ ಲೋಹ ತೆಳ್ಳಗಾಗುತ್ತದೆ.

ಹೆಡ್ ಬಿಚ್ಚಿದವರಿಗೆ ಒಂದು ಮಾತು. ಹೆಡ್ ನಟ್‌ಗಳಲ್ಲಿ ಕೆಲವು ಮುಚ್ಚಿದ ತಲೆಯವು, ಕೆಲವು ತೆರೆದವು ಇರಬಹುದು, ಕೆಳಗಿನ ವಾಷರ್‌ಗಳೂ ಬೇರೆ ಬೇರೆ. ಹಲವು ಎಂಜಿನ್‌ಗಳಲ್ಲಿ ಒಂದು ಸ್ಟಡ್ ಪಕ್ಕದಿಂದಲೇ ಆಯಿಲ್ ಮೇಲಕ್ಕೆ ಹೋಗುತ್ತದೆ. ಆ ಜಾಗಕ್ಕೆ ಮುಚ್ಚಿದ ನಟ್ ಮತ್ತು ತಾಮ್ರದ ವಾಷರೇ ಬೇಕು. ಅದಲುಬದಲಾದರೆ ಹೆಡ್ ಮೇಲಿಂದ ಆಯಿಲ್ ಇಳಿಯುತ್ತದೆ. ಇಲ್ಲಿ ಅಂದಾಜು ಬೇಡ, ಟಾರ್ಕ್ ರೆಂಚ್ ಬೇಕೇ ಬೇಕು.

ಸ್ಟಾರ್ಟ್ ಮಾಡಿದ ಮೇಲೆ

ಡ್ರೇನ್ ಬೋಲ್ಟಿಗೆ ಹೊಸ ವಾಷರ್ ಹಾಕಿ ಮುಚ್ಚಿ, ಮ್ಯಾನುಯಲ್‌ನಲ್ಲಿರುವಷ್ಟು ಆಯಿಲ್ ಹಾಕಿ. ಎಂಜಿನ್ ಬಿಚ್ಚಿದಾಗಿನ ಅಳತೆ ಮತ್ತು ಬರೀ ಆಯಿಲ್ ಬದಲಿಸುವ ಅಳತೆ ಬೇರೆ ಬೇರೆ ಕೊಟ್ಟಿರುತ್ತಾರೆ, ನೋಡಿಕೊಳ್ಳಿ. ಕ್ಲಚ್ ಕೇಬಲಿಗೆ ಆಟ ಕೊಡಿ. ಹೊರಗೆಲ್ಲ ಚೆನ್ನಾಗಿ ಒರೆಸಿ ಒಣಗಿಸಿ, ಮತ್ತೆ ಅದೇ ಪೌಡರ್ ಉದುರಿಸಿ. ಐದು ನಿಮಿಷ ಐಡಲ್ ಬಿಡಿ, ರೇಸ್ ಮಾಡಬೇಡಿ. ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಆಯಿಲ್ ಮಟ್ಟ ಮತ್ತೆ ನೋಡಿ. ಆಮೇಲೆ ಊರ ಸುತ್ತ ಒಂದು ಸಣ್ಣ ಓಡಾಟ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಮಾರನೇ ದಿನ ಬೆಳಿಗ್ಗೆ ಆದರೆ ಒಳ್ಳೆಯದು, ಕವರ್ ಬೋಲ್ಟ್‌ಗಳನ್ನು ಅದೇ 10 ನ್ಯೂಟನ್ ಮೀಟರಿಗೆ ಇನ್ನೊಂದು ಸಲ ಪರೀಕ್ಷಿಸಿ. ಹೊಸ ಪೇಪರ್ ಒಂದು ಸಲ ಬಿಸಿಯಾಗಿ ತಣ್ಣಗಾದಾಗ ಸ್ವಲ್ಪ ಕೂರುತ್ತದೆ, ಒಂದೆರಡು ಬೋಲ್ಟ್ ಚೂರು ತಿರುಗಬಹುದು. ಒಂದು ಸಲ ಸಾಕು, ವಾರವಾರ ಬಿಗಿಮಾಡುತ್ತಾ ಹೋಗಬೇಡಿ. ಹೆಡ್ ನಟ್‌ಗಳನ್ನು ಮಾತ್ರ ಮ್ಯಾನುಯಲ್ ಹೇಳಿದ್ದರಷ್ಟೇ ಮತ್ತೆ ಮುಟ್ಟಬೇಕು.

ಇಳಿಸಿದ ಹಳೇ ಆಯಿಲನ್ನು ಚರಂಡಿಗೆ, ಗಿಡದ ಬುಡಕ್ಕೆ ಸುರಿಯಬೇಡಿ. ಕ್ಯಾನಿನಲ್ಲಿ ತುಂಬಿ, ಹಳೇ ಆಯಿಲ್ ಸಂಗ್ರಹಿಸುವ ಸರ್ವಿಸ್ ಸೆಂಟರಿಗೆ ಕೊಡಿ.

ಇಷ್ಟೆಲ್ಲ ಆದ ಮೇಲೂ ಪೌಡರಿನಲ್ಲಿ ಗೆರೆ ಕಂಡರೆ ಅದು ಎಲ್ಲಿದೆ ನೋಡಿ. ಒಂದೇ ಬೋಲ್ಟಿನ ತಲೆಯ ಸುತ್ತ ಇದ್ದರೆ ಆ ಬೋಲ್ಟ್ ತೆಗೆದು ಥ್ರೆಡ್ ಮತ್ತು ಉದ್ದ ಪರೀಕ್ಷಿಸಿ. ಎರಡು ಬೋಲ್ಟ್ ನಡುವೆ ಇದ್ದರೆ ಪ್ಯಾಕಿಂಗ್ ಜಾರಿದೆ ಅಥವಾ ಮುಖದಲ್ಲಿ ತಗ್ಗು ಉಳಿದಿದೆ. ಹೊರಗಿಂದ ಗಮ್ ಮೆತ್ತಿದರೆ ನಿಲ್ಲುವುದಿಲ್ಲ, ಒಳಗಿನ ಒತ್ತಡ ಅದನ್ನು ಸುಲಿದು ಹಾಕುತ್ತದೆ. ಕವರ್ ಮತ್ತೆ ಬಿಚ್ಚಿ, ಇನ್ನೊಂದು ಹೊಸ ಪ್ಯಾಕಿಂಗ್ ತನ್ನಿ. ಒಮ್ಮೆ ಒತ್ತಿದ ಪೇಪರ್ ಎರಡನೇ ಸಲ ಅದೇ ಜಾಗಕ್ಕೆ ಕೂರುವುದಿಲ್ಲ. ಎಲ್ಲ ಕಡೆಯಿಂದಲೂ ಸ್ವಲ್ಪ ಸ್ವಲ್ಪ ಜಿನುಗುತ್ತಿದ್ದರೆ ಕವರ್ ಬಿಚ್ಚುವ ಮುಂಚೆ ಬ್ರೀದರ್ ಪೈಪನ್ನು ಇನ್ನೊಂದು ಸಲ ಊದಿ ನೋಡಿ.